ಮೊದಲ ತುತ್ತಿನಿಂದ ಎರಡು ಗಂಟೆ: ಬಸುರಿಯ ಸಕ್ಕರೆಯ ಲೆಕ್ಕ

ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ ಹೊರಗೆ ಕಾಣುವುದಿಲ್ಲ. ಬಾಯಾರಿಕೆ, ಗಳಿಗೆಗೊಮ್ಮೆ ಮೂತ್ರ, ಆಯಾಸ ಎಲ್ಲ ಬಸುರಿಯರಲ್ಲಿ ಹೇಗೂ ಇರುವಂಥವೇ. ಮೂತ್ರದಲ್ಲಿ ಸಕ್ಕರೆ ಕಂಡರೂ ಅದನ್ನೇ ನಂಬುವಂತಿಲ್ಲ, ಏಕೆಂದರೆ ಬಸುರಿನಲ್ಲಿ ಮೂತ್ರಪಿಂಡ ಸಹಜವಾಗಿಯೇ ಸ್ವಲ್ಪ ಸಕ್ಕರೆಯನ್ನು ಹೊರಗೆ ಬಿಡುತ್ತದೆ. ರಕ್ತ ಅಳೆದೇ ನೋಡಬೇಕು, ಅದೂ ಸರಿಯಾದ ಹೊತ್ತಿಗೆ. ಈ ಕಾಯಿಲೆಯ ಆರೈಕೆ ಹೆಚ್ಚಾಗಿ ಹಳಿ ತಪ್ಪುವುದು ಸಣ್ಣ ಸಣ್ಣ ಲೆಕ್ಕಗಳಲ್ಲಿ: ಎರಡು ಗಂಟೆಯನ್ನು ಎಲ್ಲಿಂದ ಎಣಿಸಿದರು, ಯಾವ ಸಿರಿಂಜಿನಲ್ಲಿ ಇನ್ಸುಲಿನ್ ಎಳೆದರು, ಎರಡನೇ ಪರೀಕ್ಷೆ ಗಂಡನ ಮನೆಯ ಊರಲ್ಲಿ ಆಗಬೇಕಿತ್ತೋ ತವರಲ್ಲೋ.

ಮಾಸು ಮಾಡುವ ಕೆಲಸ

ಅನ್ನ, ರೊಟ್ಟಿ, ಹಣ್ಣು ಯಾವುದನ್ನು ತಿಂದರೂ ಅದರ ಪಿಷ್ಟ, ಸಕ್ಕರೆ ಗ್ಲುಕೋಸ್ ಆಗಿ ರಕ್ತಕ್ಕೆ ಸೇರುತ್ತವೆ. ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್ ಆ ಗ್ಲುಕೋಸನ್ನು ಜೀವಕೋಶದ ಒಳಗೆ ಕಳಿಸುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಹಗಲೂ ರಾತ್ರಿ ಗ್ಲುಕೋಸ್ ಬೇಕು. ಅದಕ್ಕಾಗಿ ಮಾಸು (ಪ್ಲಾಸೆಂಟಾ) ಕೆಲವು ಹಾರ್ಮೋನುಗಳನ್ನು ತಾಯಿಯ ರಕ್ತಕ್ಕೆ ಬಿಟ್ಟು ಆಕೆಯ ಇನ್ಸುಲಿನ್ನಿನ ಬಲ ತಗ್ಗಿಸುತ್ತದೆ. ಹೀಗೆ ತಾಯಿಯ ರಕ್ತದಲ್ಲಿ ಸಕ್ಕರೆ ಸ್ವಲ್ಪ ಹೆಚ್ಚು ಹೊತ್ತು ಉಳಿದು ಮಗುವಿಗೆ ಸಿಗುತ್ತದೆ. ಐದನೇ ತಿಂಗಳ ನಂತರ ಮಾಸು ಬೆಳೆದಂತೆ ಈ ತಡೆಯೂ ಬೆಳೆಯುತ್ತದೆ. ಹೆಚ್ಚಿನ ಹೆಂಗಸರಲ್ಲಿ ಮೇದೋಜೀರಕ ಎರಡು ಮೂರು ಪಟ್ಟು ಇನ್ಸುಲಿನ್ ತಯಾರಿಸಿ ಸರಿದೂಗಿಸುತ್ತದೆ. ಅಷ್ಟು ಕಸುವಿಲ್ಲದವರಲ್ಲಿ ಊಟದ ನಂತರ ಏರಿದ ಸಕ್ಕರೆ ಬೇಗ ಇಳಿಯುವುದಿಲ್ಲ.

ಗ್ಲುಕೋಸ್ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಮುಂದಿನ ತೊಂದರೆಗಳೆಲ್ಲ ಇದರಿಂದಲೇ ಹುಟ್ಟುವಂಥವು. ಹೆಚ್ಚು ಸಕ್ಕರೆ ಬಂದಾಗ ಮಗುವಿನ ಪುಟ್ಟ ಮೇದೋಜೀರಕ ತಾನೇ ಇನ್ಸುಲಿನ್ ಸುರಿಸತೊಡಗುತ್ತದೆ. ಇನ್ಸುಲಿನ್ ಬೆಳವಣಿಗೆಯ ಹಾರ್ಮೋನಿನಂತೆಯೂ ಕೆಲಸ ಮಾಡುವುದರಿಂದ ಮಗುವಿನ ಹೊಟ್ಟೆ, ಭುಜದ ಸುತ್ತ ಕೊಬ್ಬು ಕೂಡುತ್ತದೆ. ಹೆರಿಗೆಯಲ್ಲಿ ತಲೆ ಹೊರಬಂದು ಭುಜ ಸಿಕ್ಕಿಹಾಕಿಕೊಳ್ಳುವ ಅಪಾಯ ಬರುವುದು ಹೀಗೆ. ಗರ್ಭದ ನೀರು ಹೆಚ್ಚುವುದು, ತಾಯಿಗೆ ರಕ್ತದೊತ್ತಡ ಏರುವುದು, ಹುಟ್ಟಿದ ಕೂಸಿಗೆ ಉಸಿರಾಟದ ತೊಂದರೆ, ಕಾಮಾಲೆ, ಸಕ್ಕರೆ ಕುಸಿತ, ಹತೋಟಿ ಪೂರ್ತಿ ತಪ್ಪಿದರೆ ಹೊಟ್ಟೆಯಲ್ಲೇ ಮಗು ತೀರಿಹೋಗುವುದು ಕೂಡ ಇದರ ಸಾಲಿಗೆ ಸೇರುತ್ತವೆ. ಸಕ್ಕರೆಯನ್ನು ಮಿತಿಯಲ್ಲಿಟ್ಟರೆ ಇವುಗಳಲ್ಲಿ ಬಹುಪಾಲನ್ನು ತಡೆಯಬಹುದು. ಆದ್ದರಿಂದಲೇ ಹುಡುಕುವ ಕೆಲಸಕ್ಕೆ ಇಷ್ಟು ಮಹತ್ವ.

75 ಗ್ರಾಂ ಗ್ಲುಕೋಸ್, ಎರಡು ಗಂಟೆ

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇರುವವರನ್ನು, ದಪ್ಪ ಇರುವವರನ್ನು, ಮುಂಚೆ ದೊಡ್ಡ ಮಗು ಹೆತ್ತವರನ್ನು ಮಾತ್ರ ಪರೀಕ್ಷಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಇದ್ಯಾವುದೂ ಇಲ್ಲದ ತೆಳ್ಳನೆಯ ಹುಡುಗಿಯರಲ್ಲೂ ಇದು ಸಿಗುತ್ತದೆ. ಆದ್ದರಿಂದ ಭಾರತ ಸರ್ಕಾರದ ಮಾರ್ಗಸೂಚಿ ಎಲ್ಲ ಗರ್ಭಿಣಿಯರಿಗೂ ಪರೀಕ್ಷೆ ಆಗಬೇಕೆನ್ನುತ್ತದೆ: ಹೆಸರು ನೋಂದಾಯಿಸುವ ಮೊದಲ ಭೇಟಿಯಲ್ಲಿ ಒಮ್ಮೆ, ಅದು ಸರಿಯಿದ್ದರೆ 24ರಿಂದ 28ನೇ ವಾರದ ನಡುವೆ ಇನ್ನೊಮ್ಮೆ. ಎರಡರ ನಡುವೆ ಕನಿಷ್ಠ 4 ವಾರದ ಅಂತರ ಇರಬೇಕು. ತಡವಾಗಿ, ಏಳು ಎಂಟನೇ ತಿಂಗಳಲ್ಲಿ ಬಂದವರಿಗೆ ಬಂದ ದಿನವೇ ಒಂದು ಪರೀಕ್ಷೆ.

ವಿಧಾನ ಸರಳ. 75 ಗ್ರಾಂ ಗ್ಲುಕೋಸ್ ಪುಡಿಯನ್ನು 300 ಮಿ.ಲೀ. ನೀರಿನಲ್ಲಿ ಕರಗಿಸಿ 5ರಿಂದ 10 ನಿಮಿಷದೊಳಗೆ ಕುಡಿಯಬೇಕು. ಕುಡಿಯಲು ಶುರು ಮಾಡಿದ ಹೊತ್ತನ್ನು ಬರೆದಿಟ್ಟುಕೊಂಡು, ಸರಿಯಾಗಿ ಎರಡು ಗಂಟೆಗೆ ರಕ್ತ ತೆಗೆಯುತ್ತಾರೆ. ಪ್ರತಿ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. (ಮುಂದೆ ಬರುವ ಅಂಕಿಗಳಿಗೂ ಇದೇ ಅಳತೆ.) ಕುಡಿದ 30 ನಿಮಿಷದೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು, 30 ನಿಮಿಷ ದಾಟಿದ ಮೇಲಾದರೆ ಪರೀಕ್ಷೆ ಮುಂದುವರಿಸಬಹುದು. ಕೆಲವು ಹನಿ ನಿಂಬೆರಸ ಹಿಂಡಿದರೆ, ನೀರು ತಣ್ಣಗಿದ್ದರೆ ವಾಕರಿಕೆ ಕಡಿಮೆ. ಆ ಎರಡು ಗಂಟೆ ಏನನ್ನೂ ತಿನ್ನದೆ ಅಲ್ಲೇ ಕೂತಿರಬೇಕು. ಪೇಟೆ ಸುತ್ತಿ ಬಂದರೆ ನಡಿಗೆ ಸಕ್ಕರೆಯನ್ನು ಇಳಿಸಿ ಫಲಿತಾಂಶವೇ ಕೆಡುತ್ತದೆ.

ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಡಿಪ್ಸಿ (ಬಸುರಿನ ಮಧುಮೇಹವನ್ನು ಅಧ್ಯಯನ ಮಾಡುವ ಭಾರತದ ವೈದ್ಯರ ಗುಂಪು) ಬಳಗದವರು ಇದನ್ನು ರೂಪಿಸಿದ್ದರ ಹಿಂದೆ ನಮ್ಮ ಹಳ್ಳಿಗಳ ನಿಜಸ್ಥಿತಿ ಇದೆ. ಹೊಸನಗರದ ಒಳಹಳ್ಳಿಯಿಂದ ಬಸ್ ಹಿಡಿಯಲು ಮೂರು ಕಿಲೋಮೀಟರ್ ನಡೆಯುವ ಬಸುರಿಗೆ ಉಪವಾಸ ಬಾ ಎಂದರೆ ಆಕೆ ದಾರಿಯಲ್ಲೇ ತಲೆಸುತ್ತಿ ಕೂರಬಹುದು. ನಾಳೆ ಬಾ ಎಂದರೆ ಬಾರದೇ ಹೋಗಬಹುದು. ಬಂದ ದಿನ, ಉಂಡು ಬಂದಿದ್ದರೂ, ಒಂದೇ ಸಲ ರಕ್ತ ತೆಗೆದು ಮುಗಿಸುವುದೇ ಇದರ ಬಲ.

ಪಟ್ಟಣದ ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ ನಡೆಯುವುದು ಬೇರೆ ಪರೀಕ್ಷೆ. ರಾತ್ರಿಯೂಟದ ನಂತರ ಕನಿಷ್ಠ 8 ಗಂಟೆ ಉಪವಾಸವಿದ್ದು ಬಂದರೆ ಮೂರು ಸಲ ರಕ್ತ ತೆಗೆಯುತ್ತಾರೆ. ಖಾಲಿ ಹೊಟ್ಟೆಯಲ್ಲಿ 92, ಗ್ಲುಕೋಸ್ ಕುಡಿದ ಒಂದು ಗಂಟೆಗೆ 180, ಎರಡು ಗಂಟೆಗೆ 153. ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೂ ಮಧುಮೇಹ ಎಂದೇ ಲೆಕ್ಕ. ಹಲವು ದೇಶಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಗಮನಿಸಿ 2008ರಲ್ಲಿ ಪ್ರಕಟವಾದ ಹಾಪೋ ಅಧ್ಯಯನದ ಆಧಾರದ ಮೇಲೆ ಬಂದ ಮಿತಿಗಳಿವು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು. ಎರಡು ಪದ್ಧತಿ ಇರುವುದರಿಂದ ಗೊಂದಲವಾಗುವುದು ಸಹಜ. ಎರಡು ಗಂಟೆಗೆ 145 ಬಂದವರು ಒಂದು ಕಡೆ ಕಾಯಿಲೆಯವರು, ಇನ್ನೊಂದು ಕಡೆ ಆರೋಗ್ಯವಂತರು. ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ 95ಕ್ಕೆ ಏರಿರುವವರು ಸರ್ಕಾರಿ ಪರೀಕ್ಷೆಯಲ್ಲಿ ತಪ್ಪಿಹೋಗಬಹುದು. ಎರಡೂ ಕಡೆ ಮಾಡಿಸಿ ಕಡಿಮೆ ಬಂದ ಚೀಟಿಯನ್ನು ನಂಬಿಕೊಳ್ಳುವುದು ಮಾತ್ರ ಸರಿಯಲ್ಲ. ಯಾವ ಪದ್ಧತಿಯಲ್ಲೇ ಆಗಲಿ ಮಿತಿ ದಾಟಿದ್ದರೆ ಎರಡು ವಾರ ಊಟ ತಿದ್ದಿ ಮತ್ತೆ ಅಳೆಯುವುದರಿಂದ ಯಾವ ನಷ್ಟವೂ ಇಲ್ಲ.

ಮೊದಲ ಮೂರು ತಿಂಗಳಲ್ಲೇ ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದ್ದರೆ ಅದು ಬಸುರಿಗೆ ಮುಂಚಿನಿಂದಲೇ ಇದ್ದ ಸಕ್ಕರೆ ಕಾಯಿಲೆ. ಅದರ ದಾರಿಯೇ ಬೇರೆ. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವ ಹೊತ್ತಿನಲ್ಲೇ ಸಕ್ಕರೆ ಹೆಚ್ಚಿದ್ದರಿಂದ 18–20ನೇ ವಾರದ ಸ್ಕ್ಯಾನನ್ನು ಬಹಳ ಜಾಗ್ರತೆಯಿಂದ ಮಾಡಬೇಕಾಗುತ್ತದೆ, ತಾಯಿಯ ಕಣ್ಣು, ಮೂತ್ರಪಿಂಡವನ್ನೂ ನೋಡಬೇಕಾಗುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಒಂದನ್ನೇ ನೆಚ್ಚಿಕೊಳ್ಳುವುದು ಬಸುರಿನಲ್ಲಿ ಸರಿಯಾಗದು. ರಕ್ತಹೀನತೆ, ಕಬ್ಬಿಣದ ಕೊರತೆ ಅದರ ಅಂಕಿಯನ್ನೇ ತಿರುಚುತ್ತವೆ.

ಎರಡನೇ ಪರೀಕ್ಷೆ ತಪ್ಪುವುದು ಹೇಗೆ

24ರಿಂದ 28ನೇ ವಾರ ಎಂದರೆ ಆರು ತುಂಬಿ ಏಳನೇ ತಿಂಗಳು. ಮಲೆನಾಡಿನಲ್ಲಿ ಅದೇ ಸೀಮಂತದ ಹೊತ್ತು, ಬಯಕೆ ಊಟದ ಹೊತ್ತು, ತವರಿಗೆ ಹೊರಡುವ ಹೊತ್ತು. ಗಂಡನ ಮನೆಯ ಕಡೆಯ ಆಶಾ ಕಾರ್ಯಕರ್ತೆ ತವರಲ್ಲಿ ಆಗುತ್ತದೆ ಎಂದುಕೊಳ್ಳುತ್ತಾರೆ, ತವರಿನವರು ಅಲ್ಲೇ ಆಗಿರಬೇಕು ಎಂದುಕೊಳ್ಳುತ್ತಾರೆ. ಮೊದಲ ಪರೀಕ್ಷೆಯ 110 ನೋಡಿ ಎಲ್ಲರೂ ನೆಮ್ಮದಿಯಿಂದಿರುವಾಗಲೇ ಮಾಸಿನ ಹಾರ್ಮೋನು ಏರಿರುತ್ತದೆ. ಊರು ಬಿಡುವ ಮುನ್ನ ತಾಯಿ ಕಾರ್ಡ್ ತೆರೆದು ಎರಡನೇ ಸಕ್ಕರೆ ಪರೀಕ್ಷೆಯ ಅಂಕಿ ಇದೆಯೇ ನೋಡಿ. ಇಲ್ಲದಿದ್ದರೆ ಮಾಡಿಸಿಕೊಂಡೇ ಹೊರಡಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ, ಅದಕ್ಕೂ ಹೋಗಬಹುದು.

ಅಳತೆಯೇ ತಪ್ಪುವ ಕೆಲವು ಬಗೆಗಳೂ ಇವೆ. ರಕ್ತವನ್ನು ಸಾದಾ ಟ್ಯೂಬಿನಲ್ಲಿ ಹಾಕಿ ದೂರದ ಲ್ಯಾಬಿಗೆ ಕಳಿಸಿದರೆ ರಕ್ತಕಣಗಳು ಗ್ಲುಕೋಸನ್ನು ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ. 5ರಿಂದ 7ರಷ್ಟು. 145 ಇದ್ದದ್ದು ಒಂದು ಗಂಟೆಯ ಘಟ್ಟದ ದಾರಿ ಮುಗಿಯುವಷ್ಟರಲ್ಲಿ 137 ಆಗಿ, ಕಾಯಿಲೆ ಇಲ್ಲವೆಂಬ ವರದಿ ಬರುತ್ತದೆ. ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಬಳಸಬೇಕು, ಬೇಗ ಪರೀಕ್ಷಿಸಬೇಕು. ದೂರವಿದ್ದರೆ ಪ್ಲಾಸ್ಮಾ ಲೆಕ್ಕಕ್ಕೆ ಹೊಂದಿಸಿದ ಗ್ಲುಕೋಮೀಟರಿನಲ್ಲಿ ಅಲ್ಲೇ ನೋಡಿಬಿಡುವುದು ಒಳ್ಳೆಯದು. ಮನೆಯಲ್ಲಿ ಅಳೆಯುವವರು ಸೋಪಿನಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ಹಲಸಿನ ತೊಳೆ ಬಿಡಿಸಿದ ಬೆರಳು, ಬೆಲ್ಲ ಮುಟ್ಟಿದ ಬೆರಳು ಚುಚ್ಚಿದರೆ 110 ಇದ್ದದ್ದು 200 ತೋರಿಸಬಹುದು. ಮಳೆಗಾಲದ ತೇವ ಸ್ಟ್ರಿಪ್‌ಗಳನ್ನು ಕೆಡಿಸುತ್ತದೆ. ಒಂದು ಸ್ಟ್ರಿಪ್ ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಒತ್ತಿ, ಒಲೆ ಹತ್ತಿರವೂ ಬಚ್ಚಲ ಹತ್ತಿರವೂ ಇಡಬೇಡಿ.

ಊಟ

ಕಾಯಿಲೆ ಗೊತ್ತಾದಾಗ ಮೊದಲ ಮದ್ದು ಊಟ, ನಡಿಗೆ. ಎರಡು ವಾರ ಇದನ್ನೇ ನೋಡುತ್ತಾರೆ. ಮುಟ್ಟಬೇಕಾದ ಗುರಿ: ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟವಾಗಿ ಒಂದು ಗಂಟೆಗೆ 140ಕ್ಕಿಂತ ಕಡಿಮೆ, ಎರಡು ಗಂಟೆಗೆ 120ಕ್ಕಿಂತ ಕಡಿಮೆ. ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದ ಹೊತ್ತಿನಿಂದ ಅಲ್ಲ. ಊಟಕ್ಕೆ ಅರ್ಧ ಗಂಟೆ ಹಿಡಿದು, ಕೈ ತೊಳೆದ ಮೇಲೆ ಎರಡು ಗಂಟೆ ಎಣಿಸಿದರೆ ನೋಡುವುದು ಎರಡೂವರೆ ಗಂಟೆಯ ಸಕ್ಕರೆ, ಅದು ಇಳಿದೇ ಇರುತ್ತದೆ.

ಹೆದರಿ ಅನ್ನವನ್ನೇ ಬಿಡುವವರಿದ್ದಾರೆ. ಅದು ಇನ್ನೊಂದು ತಪ್ಪು. ಗರ್ಭಿಣಿಗೆ ದಿನಕ್ಕೆ ಕನಿಷ್ಠ 175 ಗ್ರಾಂ ಪಿಷ್ಟ ಬೇಕು. ಪೂರ್ತಿ ಬಿಟ್ಟರೆ ಮೈ ಕೊಬ್ಬನ್ನು ಸುಟ್ಟು ಕೀಟೋನ್ ಎಂಬ ಆಮ್ಲ ತುಂಬಿಕೊಳ್ಳುತ್ತದೆ, ಮಗುವಿಗೆ ಅದು ಒಳ್ಳೆಯದಲ್ಲ. ಆ ಪಿಷ್ಟವನ್ನು ಮೂರು ಊಟ, ಮೂರು ಸಣ್ಣ ತಿಂಡಿಗಳಿಗೆ ಹಂಚುವುದೇ ಉಪಾಯ. ಬೆಳಗಿನ ಹೊತ್ತು ಇನ್ಸುಲಿನ್ನಿನ ಬಲ ಎಲ್ಲಕ್ಕಿಂತ ಕಡಿಮೆ ಇರುವುದರಿಂದ ಬೆಳಗಿನ ತಿಂಡಿಯಲ್ಲಿ 30 ಗ್ರಾಂ ಆಸುಪಾಸು ಸಾಕು: 40 ಗ್ರಾಂ ಹಿಟ್ಟಿನ ಒಂದು ಅಕ್ಕಿ ರೊಟ್ಟಿ, ಇಲ್ಲವೇ ಎರಡು ನೀರುದೋಸೆ. ಜೊತೆಗೆ ಮೊಟ್ಟೆ ಅಥವಾ ಕಾಳಿನ ಪಲ್ಯ ಇರಲೇಬೇಕು. ನಾಲ್ಕು ಕಡುಬು, ಕಾಯಿಹಾಲು ಉಂಡವರ ಎರಡು ಗಂಟೆಯ ಅಂಕಿ ಯಾವ ಮಾತ್ರೆಗೂ ಬಗ್ಗುವುದಿಲ್ಲ. ಮಧ್ಯಾಹ್ನ ಸಮ ಅಳತೆಯ ಒಂದು ಬಟ್ಟಲು ಅನ್ನ (ಸುಮಾರು 150 ಗ್ರಾಂ, ಪಿಷ್ಟ 40–45 ಗ್ರಾಂ), ಅದಕ್ಕೆ ಎರಡು ಪಟ್ಟು ಪಲ್ಯ, ಹುರುಳಿ ಸಾರು ಅಥವಾ ಮೀನು, ಒಂದೆಲಗದ ತಂಬುಳಿ, ಮಜ್ಜಿಗೆ. ಕುಚ್ಚಲಕ್ಕಿಯ ಅನ್ನ ಬೆಳ್ತಿಗೆ ಅಕ್ಕಿಗಿಂತ ನಿಧಾನವಾಗಿ ಸಕ್ಕರೆ ಏರಿಸುತ್ತದೆ, ಆದರೆ ಅದೂ ಅಳತೆಯಲ್ಲೇ. ತಂಬುಳಿ, ಕಳಲೆ ಪಲ್ಯ, ಸೊಪ್ಪು, ಹಾಗಲಕಾಯಿಗೆ ಲೆಕ್ಕ ಬೇಕಿಲ್ಲ. ಕಳಲೆಯನ್ನು ಮಾತ್ರ ದಿನಗಟ್ಟಲೆ ನೀರು ಬದಲಿಸಿ ನೆನೆಸಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಮಲಗುವ ಮುಂಚೆ ಸಕ್ಕರೆ ಹಾಕದ ಒಂದು ಲೋಟ ಹಾಲು ಕುಡಿದರೆ ರಾತ್ರಿಯ ದೀರ್ಘ ಉಪವಾಸ ತಪ್ಪುತ್ತದೆ.

ಜೋನಿ ಬೆಲ್ಲ ಸಕ್ಕರೆಯಲ್ಲ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಬೆಲ್ಲ, ಜೇನು, ಸಕ್ಕರೆ ಮೂರೂ ರಕ್ತಕ್ಕೆ ಒಂದೇ. ದಿನಕ್ಕೆ ನಾಲ್ಕು ಲೋಟ ಕಾಫಿ, ಕಷಾಯಕ್ಕೆ ಎರಡೆರಡು ಚಮಚ ಬಿದ್ದರೆ ಅದೇ 40 ಗ್ರಾಂ ಆಯಿತು. ಹಲಸಿನ ಹಣ್ಣು 100 ಗ್ರಾಂ, ಅಂದರೆ ನಾಲ್ಕೈದು ತೊಳೆಯಲ್ಲಿ, ಪಿಷ್ಟ ಮತ್ತು ಸಕ್ಕರೆ 20 ಗ್ರಾಂ ದಾಟುತ್ತದೆ. ಎರಡು ತೊಳೆ ಹತ್ತೂವರೆಯ ತಿಂಡಿಗೆ ಸಾಕು, ಊಟದ ಮೇಲೆ ಬೇಡ. ಅಂಗನವಾಡಿಯ ಊಟದಲ್ಲಿ ಮೊಟ್ಟೆ, ಸಾಂಬಾರು ಬಿಡದೆ ತಿನ್ನಿ, ಶೇಂಗಾ ಚಿಕ್ಕಿಯನ್ನು ಬಿಡಿ. ಸೀಮಂತದ ದಿನ ಮುತ್ತೈದೆಯರು ಒತ್ತಾಯ ಮಾಡಿ ತಿನ್ನಿಸುವ ಹೋಳಿಗೆಯ ಬಗ್ಗೆ ಮನೆಯ ಹಿರಿಯರೇ ಮುಂಚೆ ಒಂದು ಮಾತು ಹೇಳಿದರೆ ಆ ಹುಡುಗಿಗೆ ಸುಲಭ. ಆಕೆಯೇ ಬೇಡವೆನ್ನುವುದು ಕಷ್ಟ.

ನಡಿಗೆ ದಿನಕ್ಕೆ 30 ನಿಮಿಷ. ಒಟ್ಟಿಗೆ ಆಗದಿದ್ದರೆ ಪ್ರತಿ ಊಟದ ನಂತರ ಹತ್ತು ನಿಮಿಷ ನಡೆಯುವುದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆಗುಂಬೆ ಕಡೆಯ ಆಷಾಢದಲ್ಲಿ ಅಂಗಳಕ್ಕೆ ಇಳಿಯುವುದೇ ಬೇಡ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿದರೆ ಇನ್ನೊಂದು ಅನಾಹುತ. ಉದ್ದನೆಯ ಜಗಲಿಯಲ್ಲಿ ಹಿಂದೆ ಮುಂದೆ ನಡೆದರೆ ಸಾಕು. ರಕ್ತಸ್ರಾವ, ಅವಧಿಗೆ ಮುಂಚಿನ ನೋವು ಇರುವವರು ವೈದ್ಯರನ್ನು ಕೇಳಿಯೇ ನಡೆಯಬೇಕು.

ಮಾತ್ರೆ, ಸೂಜಿ

ಎರಡು ವಾರದ ನಂತರವೂ ಊಟವಾದ ಎರಡು ಗಂಟೆಯ ಸಕ್ಕರೆ 120 ಅಥವಾ ಹೆಚ್ಚಿದ್ದರೆ ಔಷಧ ಬೇಕು. 20 ವಾರ ತುಂಬಿದವರಿಗೆ ಮೆಟ್‌ಫಾರ್ಮಿನ್ 500 ಮಿ.ಗ್ರಾಂ ದಿನಕ್ಕೆರಡು ಸಲದಂತೆ ಶುರು ಮಾಡಿ, ಬೇಕಾದಂತೆ ಏರಿಸುತ್ತಾರೆ, ದಿನಕ್ಕೆ ಗರಿಷ್ಠ 2 ಗ್ರಾಂ. ಹೊಟ್ಟೆ ತೊಳಸುವುದು, ಭೇದಿ ಮೊದಲ ವಾರ ಇರುತ್ತವೆ; ಊಟದ ಜೊತೆ ತೆಗೆದುಕೊಂಡರೆ ಕಡಿಮೆ. ಮೆಟ್‌ಫಾರ್ಮಿನ್ ಮಾಸನ್ನು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಹೀಗಾಗಿ ಸಕ್ಕರೆ ಬಹಳ ಏರಿದ್ದಾಗ, 20 ವಾರಕ್ಕೆ ಮುಂಚೆ, ಅಥವಾ ಮಾತ್ರೆ ಸಾಲದಾದಾಗ ಇನ್ಸುಲಿನ್ನೇ ದಾರಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುರು ಮಾಡುವುದು 30:70 ಮಿಶ್ರ ಇನ್ಸುಲಿನ್ (ಬೇಗ ಕೆಲಸ ಮಾಡುವುದು 30 ಪಾಲು, ನಿಧಾನದ್ದು 70 ಪಾಲು), ಬೆಳಗಿನ ತಿಂಡಿಗೆ 30 ನಿಮಿಷ ಮುಂಚೆ. ಊಟದ ನಂತರದ ಸಕ್ಕರೆ 120–160 ಇದ್ದರೆ 4 ಯೂನಿಟ್, 160–200 ಇದ್ದರೆ 6, 200 ದಾಟಿದ್ದರೆ 8. ಮೂರು ದಿನಕ್ಕೊಮ್ಮೆ ಸಕ್ಕರೆ ನೋಡಿ ವೈದ್ಯರು ಪ್ರಮಾಣ ತಿದ್ದುತ್ತಾರೆ. ಖಾಲಿ ಹೊಟ್ಟೆಯದೇ ಏರಿದ್ದರೆ ರಾತ್ರಿಯ ಇನ್ಸುಲಿನ್ ಸೇರುತ್ತದೆ. ದಿನಕ್ಕೆ 20 ಯೂನಿಟ್ ದಾಟಿದರೆ ತಜ್ಞರಿರುವ ಆಸ್ಪತ್ರೆಗೆ ಕಳಿಸುತ್ತಾರೆ. ತಿಂಗಳು ತುಂಬಿದಂತೆ ಪ್ರಮಾಣ ಏರುವುದು ಕಾಯಿಲೆ ಕೆಟ್ಟಿತೆಂಬ ಗುರುತಲ್ಲ, ಮಾಸು ಬೆಳೆಯುತ್ತಿದೆ ಅಷ್ಟೆ. ಕೊನೆಯ ತಿಂಗಳುಗಳಲ್ಲಿ ಅದು ಏಕಾಏಕಿ ಇಳಿದು ಸಕ್ಕರೆ ಪದೇ ಪದೇ ಕುಸಿಯತೊಡಗಿದರೆ ಮಾತ್ರ ಅದೇ ದಿನ ತೋರಿಸಬೇಕು.

ಸಿರಿಂಜಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜು. ಕಿತ್ತಳೆ ಮುಚ್ಚಳದ್ದು 100ರದ್ದು. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 4 ಯೂನಿಟ್ ಮಾತ್ರ. ತಿರುಗಿ, 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ 25 ಯೂನಿಟ್ ಹೋಗಿ ಜೀವಕ್ಕೇ ಕುತ್ತು ಬರಬಹುದು. ಅಂಗಡಿಯಲ್ಲಿ ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಸಂಖ್ಯೆ ಒಂದೇ ಇದೆಯೇ ಎಂದು ಜೋಡಿಸಿ ನೋಡದೆ ಹಣ ಕೊಡಬೇಡಿ.

ಮಿಶ್ರ ಇನ್ಸುಲಿನ್ ಬಾಟಲಿಯನ್ನು ಕುಲುಕದೆ ಅಂಗೈ ನಡುವೆ ಉರುಳಿಸಿ ಬೆರೆಸಬೇಕು. ಹೊಟ್ಟೆ ಅಥವಾ ತೊಡೆಯ ಚರ್ಮ ಹಿಡಿದು ಅದರ ಕೆಳಗೆ ಚುಚ್ಚಬೇಕು, ಜಾಗ ಬದಲಿಸುತ್ತಿರಬೇಕು. ಹೊಟ್ಟೆಗೆ ಚುಚ್ಚಿದರೆ ಮಗುವಿಗೆ ತಾಗದು. ಸೂಜಿ ಚರ್ಮದಡಿಯ ಕೊಬ್ಬಿನಲ್ಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಿದ್ದರೆ ಬಳಸುತ್ತಿರುವ ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ನೀರಿರುವ ಮಣ್ಣಿನ ಮಡಕೆಯಲ್ಲಿಡಬಹುದು. ತೆರೆದ ಬಾಟಲಿಗೆ 28 ದಿನ ಆಯಸ್ಸು, ತೆರೆದ ತಾರೀಕನ್ನು ಮೇಲೆಯೇ ಬರೆಯಿರಿ. ಫ್ರಿಜ್ಜಿನ ಮಂಜುಗಡ್ಡೆ ಖಾನೆಯಲ್ಲಿ ಇಟ್ಟು ಹೆಪ್ಪುಗಟ್ಟಿದ್ದನ್ನು ಎಸೆಯಬೇಕು.

ಚುಚ್ಚಿಕೊಂಡು ಊಟ ತಡವಾದರೆ ಸಕ್ಕರೆ ಕುಸಿಯುತ್ತದೆ: ನಡುಕ, ಬೆವರು, ಎದೆಬಡಿತ, ಕಣ್ಣು ಮಂಜು. 70ಕ್ಕಿಂತ ಇಳಿದರೆ ಮೂರು ಟೀ ಚಮಚ ಗ್ಲುಕೋಸ್ ಪುಡಿ ಒಂದು ಲೋಟ ನೀರಿಗೆ, ಇಲ್ಲದಿದ್ದರೆ ಸಕ್ಕರೆಯನ್ನೇ ಕರಗಿಸಿ ಕುಡಿಸಿ. 15 ನಿಮಿಷಕ್ಕೆ ಸುಧಾರಿಸದಿದ್ದರೆ ಮತ್ತೊಮ್ಮೆ. ಆಮೇಲೆ ಊಟ.

ಇನ್ಸುಲಿನ್ ಒಮ್ಮೆ ಶುರುವಾದರೆ ಜೀವಮಾನವಿಡೀ ಬಿಡಲಾಗದು ಎಂಬ ಭಯದಿಂದ ಎಷ್ಟೋ ಮನೆಯವರು ಬೇಡವೆನ್ನುತ್ತಾರೆ. ಬಸುರಿನಲ್ಲಿ ಬಂದ ಮಧುಮೇಹದಲ್ಲಿ ಮಾಸು ಬಿದ್ದ ಗಳಿಗೆಯಿಂದಲೇ ಅದರ ತಡೆಯೂ ಇಳಿಯುವುದರಿಂದ ಹೆಚ್ಚಿನವರಿಗೆ ಹೆರಿಗೆಯ ದಿನವೇ ಸೂಜಿ ನಿಲ್ಲುತ್ತದೆ.

ಹೆರಿಗೆ, ಕೂಸು

ಮಗುವಿನ ಬೆಳವಣಿಗೆ ನೋಡಲು 28–30 ಮತ್ತು 34–36ನೇ ವಾರದಲ್ಲಿ ಸ್ಕ್ಯಾನ್ ಆಗಬೇಕು. ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ ಬೆಳಗಾಗಲಿ ಎಂದು ಕಾಯಬಾರದು. ಅವಧಿಗೆ ಮುಂಚೆ ನೋವು ಬಂದು ಮಗುವಿನ ಶ್ವಾಸಕೋಶಕ್ಕಾಗಿ ಸ್ಟೀರಾಯ್ಡ್ ಸೂಜಿ ಕೊಟ್ಟರೆ ಮೂರು ದಿನ ಸಕ್ಕರೆ ಜೋರಾಗಿ ಏರುತ್ತದೆ, ಆ ದಿನಗಳಲ್ಲಿ ಪದೇ ಪದೇ ಅಳೆಯಬೇಕು. ಸಕ್ಕರೆ ಹತೋಟಿಯಲ್ಲಿದ್ದರೆ ಸಹಜ ಹೆರಿಗೆಗೆ ಅಡ್ಡಿಯಿಲ್ಲ. ನೋವು ತಾನಾಗಿ ಬಾರದಿದ್ದರೆ 39 ವಾರ ತುಂಬಿದ ಮೇಲೆ ಬರಿಸುತ್ತಾರೆ. ಮಗುವಿನ ತೂಕ 4 ಕೆಜಿ ದಾಟುವ ಅಂದಾಜಿದ್ದರೆ ಸಿಸೇರಿಯನ್ ಬಗ್ಗೆ ಯೋಚಿಸುತ್ತಾರೆ.

ಇಂಥವರ ಹೆರಿಗೆ ಶಸ್ತ್ರಚಿಕಿತ್ಸೆ ಮತ್ತು ನವಜಾತ ಶಿಶು ಘಟಕ ಎರಡೂ ಇರುವ ಕಡೆ ಆಗಬೇಕು. ಹಿನ್ನೀರಿನಾಚೆಯ ತುಮರಿ ಕಡೆಯವರು 2025ರಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆಯುವವರೆಗೆ ಲಾಂಚಿನ ಹೊತ್ತು ನೋಡಿ ಹೊರಡಬೇಕಿತ್ತು. ಈಗ ದಾರಿ ಇದ್ದರೂ ಜುಲೈ ತಿಂಗಳ ಮಳೆಯಲ್ಲಿ ಮರ ಬೀಳುವುದು, ಧರೆ ಕುಸಿಯುವುದು ತಪ್ಪಿಲ್ಲ. 38ನೇ ವಾರಕ್ಕೇ ಸಾಗರ ಅಥವಾ ಶಿವಮೊಗ್ಗದ ನೆಂಟರ ಮನೆಗೆ ಬಂದಿರುವುದು ಜಾಣತನ.

ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಲ್ಲುತ್ತದೆ, ಕೂಸಿನ ಇನ್ಸುಲಿನ್ ಮಾತ್ರ ಹಾಗೇ ಇರುತ್ತದೆ. ಅದಕ್ಕೇ ಸಕ್ಕರೆ ಕುಸಿಯುವುದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರುವಾಗಬೇಕು, ಒಂದು ಗಂಟೆಗೆ ಮೊದಲ ಸಲ, ಆಮೇಲೆ ನಾಲ್ಕು ಗಂಟೆಗೊಮ್ಮೆ ಕೂಸಿನ ಸಕ್ಕರೆ ನೋಡುತ್ತಾರೆ. 45ಕ್ಕಿಂತ ಇಳಿದರೆ ಚಿಕಿತ್ಸೆ. ಜೇನು, ಸಕ್ಕರೆ ನೀರು ನೆಕ್ಕಿಸುವುದು ಇದಕ್ಕೆ ಮದ್ದಲ್ಲ.

ಬಾಣಂತನದಲ್ಲಿ

ಹೆತ್ತ ಮೇಲೆ ಸಕ್ಕರೆ ಸರಿಹೋಯಿತೆಂದು ಎಲ್ಲರೂ ಮರೆಯುವ ಒಂದು ಪರೀಕ್ಷೆ ಉಳಿದಿರುತ್ತದೆ. ಹೆರಿಗೆಯಾಗಿ 6 ವಾರಕ್ಕೆ, ಈ ಸಲ ಖಾಲಿ ಹೊಟ್ಟೆಯಲ್ಲಿ ಬಂದು, ಅದೇ 75 ಗ್ರಾಂ ಗ್ಲುಕೋಸ್. ಖಾಲಿ ಹೊಟ್ಟೆಗೆ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಕಾಯಿಲೆ ಉಳಿದಿದೆ, ಎರಡು ಗಂಟೆಗೆ 140ರಿಂದ 199 ಇದ್ದರೆ ಹೊಸ್ತಿಲಲ್ಲಿದೆ. ಬಸುರಿನಲ್ಲಿ ಮಧುಮೇಹ ಬಂದವರಿಗೆ ಮುಂದೆ ಕಾಯಂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಏಳು ಪಟ್ಟಾದರೂ ಹೆಚ್ಚು. ತವರಿನ ಬಾಣಂತನದಲ್ಲಿ ತುಪ್ಪ ಬೆಲ್ಲದ ಲೇಹ್ಯ, ಅಂಟಿನುಂಡೆ ತಪ್ಪದೆ ಬರುತ್ತವೆ, ಪರೀಕ್ಷೆ ತಪ್ಪುತ್ತದೆ. ಕೂಸಿನ ಮೊದಲ ಪೆಂಟಾವೇಲೆಂಟ್ ಲಸಿಕೆಯೂ 6 ವಾರಕ್ಕೇ ಇರುವುದರಿಂದ ಅದೇ ಬೆಳಗ್ಗೆ ತಿಂಡಿ ತಿನ್ನದೆ ಹೋಗಿ ತಾಯಿಯ ಸಕ್ಕರೆಯನ್ನೂ ನೋಡಿಸಿಕೊಂಡು ಬರಬಹುದು. ಆ ಅಂಕಿ ಸರಿಯಿದ್ದರೂ ವರ್ಷಕ್ಕೊಮ್ಮೆ ಪರೀಕ್ಷೆ. ತಾಯಿ ಕಾರ್ಡನ್ನು ಎಸೆಯದೆ ಇಟ್ಟುಕೊಳ್ಳಿ. ಮುಂದಿನ ಸಲ ಮುಟ್ಟು ನಿಂತ ಕೂಡಲೇ ನರ್ಸಮ್ಮನಿಗೆ ಮೊದಲು ತೋರಿಸಬೇಕಾದದ್ದು ಅದರಲ್ಲಿ ಬರೆದಿರುವ ಹಳೆಯ ಅಂಕಿಯನ್ನೇ.